ಜಾಮ್ ಬಾಟಲಿಯಲ್ಲಿ ಜೀವಕೋಶದ ಬೇಸಾಯ

ಶಿವಮೊಗ್ಗ, ಭದ್ರಾವತಿ ತಾಲ್ಲೂಕುಗಳಲ್ಲಿ ಅಡಿಕೆ ಮರಗಳ ಸಾಲಿನ ನಡುವೆ ಬಾಳೆ ಬೆಳೆಸಿದ ತೋಟಗಳನ್ನು ನೋಡದವರಿಲ್ಲ. ಒಂದೇ ನೀರು, ಒಂದೇ ಗೊಬ್ಬರ ಉಂಡು ಬೆಳೆಯುವ ಈ ಎರಡು ಬೆಳೆಗಳಲ್ಲಿ ಸಂತಾನದ ಕ್ರಮ ಮಾತ್ರ ತೀರ ಬೇರೆ. ಬಾಳೆಯ ಬುಡದಲ್ಲಿ ಕಂದು ಹುಟ್ಟುತ್ತದೆ. ಅದನ್ನು ಕಿತ್ತು ನೆಟ್ಟರೆ ತಾಯಿ ಗಿಡದ ಗುಣಗಳೆಲ್ಲ ಹಾಗೆಯೇ ಬರುತ್ತವೆ. ಅಡಿಕೆಗೆ ಕಂದೂ ಇಲ್ಲ, ಕೊಂಬೆಯೂ ಇಲ್ಲ, ಕಸಿ ಕಟ್ಟಲೂ ಬರುವುದಿಲ್ಲ. ಇರುವುದು ತಲೆಯ ಮೇಲೆ ಒಂದೇ ಸುಳಿ. ಹಣ್ಣಡಿಕೆಯನ್ನು ಹೂತು ಸಸಿ ಮಾಡುವುದೊಂದೇ ದಾರಿ. ತೋಟದಲ್ಲೇ ಹೆಚ್ಚು ಕೊನೆ ಬಿಡುವ ಮರದ ಬೀಜ ಹಾಕಿದರೂ ಸಸಿ ಅದೇ ಗುಣ ಹೊತ್ತು ಬಂದಿದೆಯೇ ಎಂದು ತಿಳಿಯಲು ರೈತ ವರ್ಷಗಟ್ಟಲೆ ಕಾಯಬೇಕು.

ಇಂಥ ಕಡೆ ನೆರವಿಗೆ ಬರುವ ವಿದ್ಯೆಯೇ ಅಂಗಾಂಶ ಕೃಷಿ. ಗಿಡದ ಒಂದು ಸಣ್ಣ ತುಣುಕನ್ನು ಗಾಜಿನ ಪಾತ್ರೆಯಲ್ಲಿ ಆಹಾರ ಕೊಟ್ಟು ಬೆಳೆಸಿ, ಅದರಿಂದ ಇಡೀ ಗಿಡವನ್ನು ಪಡೆಯುವ ವಿಧಾನ ಇದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಡಿಕೆಯ ಎಲೆ ಮತ್ತು ಎಳೆಯ ಸಿಂಗಾರದ ತುಣುಕುಗಳಿಂದ ಸಸಿ ಪಡೆಯುವ ಕ್ರಮವನ್ನು 2004ರಲ್ಲಿ ಪ್ರಕಟಿಸಿದರು. ಹಳದಿ ಎಲೆ ರೋಗದಿಂದ ಸುತ್ತಲಿನ ಮರಗಳೆಲ್ಲ ಸೊರಗಿದರೂ ಹಸಿರಾಗಿ ನಿಂತಿರುವ ಮರಗಳನ್ನು ಹುಡುಕಿ, ಅವುಗಳ ಸಂತಾನವನ್ನು ಹೀಗೆ ಹೆಚ್ಚಿಸುವ ಪ್ರಯತ್ನವೂ ಅಲ್ಲಿ ನಡೆದಿದೆ.

ವಿದ್ಯೆ ಇಷ್ಟು ಹತ್ತಿರದಲ್ಲಿದೆ. ಭದ್ರಾವತಿ ತಾಲ್ಲೂಕಿನದೇ ಆದ ಶಂಕರಘಟ್ಟದಲ್ಲಿ 1987ರಲ್ಲಿ ಆರಂಭವಾದ ಕುವೆಂಪು ವಿಶ್ವವಿದ್ಯಾಲಯವಿದೆ. ಪಶ್ಚಿಮ ಘಟ್ಟದ ಔಷಧಿ ಸಸ್ಯಗಳನ್ನು ಅಂಗಾಂಶ ಕೃಷಿಯಿಂದ ಬೆಳೆಸುವ ಬಗ್ಗೆ ಅಲ್ಲಿ ಸಂಶೋಧನೆಗಳಾಗಿವೆ. ಶಿವಮೊಗ್ಗದ ನವುಲೆಯಲ್ಲಿ ಕೃಷಿ ಕಾಲೇಜಿದೆ. ಆದರೂ ಈ ಜಿಲ್ಲೆಯ ಎಷ್ಟೋ ವಿದ್ಯಾರ್ಥಿಗಳು ಅಂಗಾಂಶ ಕೃಷಿಯ ಹಂತಗಳನ್ನು ಬಾಯಿಪಾಠ ಮಾಡಿ, ಚಿತ್ರ ಬರೆದು, ಅಂಕ ಪಡೆದು ಮುಂದೆ ಹೋಗುತ್ತಾರೆ. ಒಂದು ಬಾಟಲಿಯನ್ನೂ ಕೈಯಾರೆ ತುಂಬಿರುವುದಿಲ್ಲ. ಕಾರಣ ಕೇಳಿದರೆ ಸಿದ್ಧ ಉತ್ತರ: ಅದಕ್ಕೆ ಲಕ್ಷಾಂತರ ರೂಪಾಯಿಯ ಯಂತ್ರ ಬೇಕು.

ಈ ಉತ್ತರ ಎಷ್ಟರಮಟ್ಟಿಗೆ ನಿಜ?

ಅಡುಗೆಮನೆಯಿಂದ ಪ್ರಯೋಗಾಲಯಕ್ಕೆ

ಇತಿಹಾಸ ಬೇರೆಯೇ ಕಥೆ ಹೇಳುತ್ತದೆ. ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಬ್ಯಾಕ್ಟೀರಿಯಾಗಳನ್ನು ಬೆಳೆಸಲು ಮೊದಲು ಬಳಸಿದ್ದು ಬೇಯಿಸಿದ ಆಲೂಗೆಡ್ಡೆಯ ಹೋಳುಗಳನ್ನು. ಆಮೇಲೆ ಜೆಲಟಿನ್ ಬಂತು. ಅದು ಮೈಶಾಖಕ್ಕೇ ಕರಗಿ ನೀರಾಗುತ್ತಿತ್ತು. ಅದೇ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ವಾಲ್ಟರ್ ಹೆಸ್ಸೆ ಎಂಬವರ ಪತ್ನಿ ಫ್ಯಾನಿ ಹೆಸ್ಸೆ, ತಾವು ಸಿಹಿ ತಿನಿಸು ಗಟ್ಟಿಯಾಗಲು ಹಾಕುತ್ತಿದ್ದ ಅಗರ್ ಎಂಬ ಕಡಲ ಪಾಚಿಯ ಅಂಟನ್ನು ಬಳಸಿ ನೋಡಿ ಎಂದು ಸೂಚಿಸಿದರು. ಇದು 1881-82ರ ಮಾತು. ಕುದಿಯುವ ನೀರಿನಲ್ಲಿ ಕರಗಿ, ಆರಿದ ಮೇಲೆ ಗಟ್ಟಿಯಾಗಿ, ಮತ್ತೆ ಮೈಶಾಖಕ್ಕೆ ಕರಗದೆ ನಿಲ್ಲುವುದು ಅಗರಿನ ಗುಣ. ಇಂದಿಗೂ ಜಗತ್ತಿನ ಪ್ರಯೋಗಾಲಯಗಳೆಲ್ಲ ಅದನ್ನೇ ಬಳಸುತ್ತಿವೆ.

ಅಮೆರಿಕದ ಬಾಲ್ಟಿಮೋರಿನಲ್ಲಿ ಜಾರ್ಜ್ ಗೇ ಎಂಬ ವಿಜ್ಞಾನಿ ಇದ್ದರು. ಪ್ರಾಣಿಕೋಶಗಳ ಪ್ರನಾಳಗಳನ್ನು ಮೆಲ್ಲಗೆ ಉರುಳಿಸುತ್ತ ಕೋಶಗಳಿಗೆ ಗಾಳಿ ಮತ್ತು ಆಹಾರ ಸಮನಾಗಿ ಸಿಗುವಂತೆ ಮಾಡುವ ವಿಧಾನವನ್ನು ಅವರು 1933ರಲ್ಲಿ ಪ್ರಕಟಿಸಿದರು. ಅದಕ್ಕೆ ಬೇಕಾದ ಉರುಳುವ ಪೀಪಾಯಿಯನ್ನು ಅವರು ಗುಜರಿ ಸಾಮಾನು ತಂದು ತಾವೇ ಜೋಡಿಸಿಕೊಂಡಿದ್ದರು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗಡ್ಡೆಯಿಂದ ತೆಗೆದ, ಇಂದಿಗೂ ಸಾಯದೆ ಬೆಳೆಯುತ್ತಿರುವ 'ಹೀಲಾ' ಕೋಶಗಳು ಮೊದಲು ನೆಲೆ ನಿಂತದ್ದು ಗೇ ಅವರ ಪ್ರಯೋಗಾಲಯದಲ್ಲೇ. ಮಲೇರಿಯಾ ಪರೋಪಜೀವಿಯನ್ನು ಮನುಷ್ಯನ ಕೆಂಪು ರಕ್ತಕಣಗಳಲ್ಲಿ ಸತತವಾಗಿ ಬೆಳೆಸುವುದರಲ್ಲಿ ಟ್ರೇಗರ್ ಮತ್ತು ಜೆನ್ಸನ್ 1976ರಲ್ಲಿ ಯಶಸ್ಸು ಕಂಡರು. ಅದಕ್ಕೆ ಆಮ್ಲಜನಕ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಹೆಚ್ಚು ಇರುವ ಗಾಳಿ ಬೇಕು. ಅವರು ಗಾಜಿನ ಜಾಡಿಯೊಳಗೆ ಮೇಣದ ಬತ್ತಿ ಹಚ್ಚಿಟ್ಟು, ಅದು ಆರುವ ಹೊತ್ತಿಗೆ ಮುಚ್ಚಳ ಬಿಗಿದರು. ಬೇಕಾದ ಗಾಳಿ ಸಿದ್ಧವಾಯಿತು.

ಇವರೆಲ್ಲರೂ ಒಂದೇ ಕ್ರಮದಲ್ಲಿ ಯೋಚಿಸಿದ್ದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಯಾವ ಯಂತ್ರ ಬೇಕು ಎಂದು ಕೇಳುವ ಮೊದಲು ಅವರು ಕೋಶಕ್ಕೆ ಏನು ಬೇಕು ಎಂದು ಕೇಳಿಕೊಂಡರು.

ಗಿಡದ ಕೋಶಕ್ಕೆ ಏನು ಬೇಕು?

ಗಿಡದ ಒಂದೊಂದು ಜೀವಕೋಶದಲ್ಲೂ ಇಡೀ ಗಿಡವಾಗುವ ಶಕ್ತಿ ಅಡಗಿದೆ ಎಂಬ ವಿಚಾರವನ್ನು ಆಸ್ಟ್ರಿಯಾದ ಹೇಬರ್‌ಲ್ಯಾಂಟ್ 1902ರಲ್ಲಿ ಮುಂದಿಟ್ಟರು. ಅವರ ಪ್ರಯೋಗ ಕೈಗೂಡಲಿಲ್ಲ. 1958ರಲ್ಲಿ ಅಮೆರಿಕದ ಸ್ಟೂವರ್ಡ್ ಕ್ಯಾರೆಟ್ಟಿನ ಕೋಶಗಳಿಂದ ಪೂರ್ಣ ಗಿಡ ಬೆಳೆಸಿ ಅದು ನಿಜವೆಂದು ತೋರಿಸಿದರು. ಅವರ ಮಾಧ್ಯಮದಲ್ಲಿದ್ದ ಮುಖ್ಯ ವಸ್ತುಗಳಲ್ಲೊಂದು ತೆಂಗಿನಕಾಯಿಯೊಳಗಿನ ನೀರು! ತೆಂಗಿನ ಭ್ರೂಣವನ್ನು ಸಾಕಲೆಂದೇ ಇರುವ ಆ ನೀರಿನಲ್ಲಿ ಕೋಶ ವಿಭಜನೆಗೆ ಪ್ರಚೋದನೆ ಕೊಡುವ ಸೈಟೋಕೈನಿನ್ ಎಂಬ ಹಾರ್ಮೋನುಗಳಿವೆ.

ಹಾಗಾದರೆ ಕೋಶಕ್ಕೆ ಬೇಕಾದದ್ದು ನಾಲ್ಕು. ಒಂದು, ಬೇರೆ ಜೀವಿಗಳ ಕಾಟವಿಲ್ಲದ ಶುದ್ಧ ಜಾಗ. ಎರಡು, ಸಕ್ಕರೆ ಮತ್ತು ಲವಣಗಳ ಆಹಾರ. ಮೂರು, ಚಿಗುರು ಬಿಡು, ಬೇರು ಬಿಡು ಎಂದು ಹೇಳುವ ಹಾರ್ಮೋನು. ಸೈಟೋಕೈನಿನ್ ಹೆಚ್ಚಾದರೆ ಚಿಗುರು, ಆಕ್ಸಿನ್ ಹೆಚ್ಚಾದರೆ ಬೇರು ಎಂಬುದನ್ನು ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಕೋಶಗಳ ಮೇಲೆ 1957ರಲ್ಲಿ ತೋರಿಸಿದರು. ನಾಲ್ಕು, ಹದವಾದ ಬೆಳಕು ಮತ್ತು ಶಾಖ. ದೊಡ್ಡ ಪ್ರಯೋಗಾಲಯದ ಪ್ರತಿಯೊಂದು ಯಂತ್ರವೂ ಈ ನಾಲ್ಕರಲ್ಲಿ ಒಂದನ್ನು ಪೂರೈಸಲು ಇರುವಂಥದು.

ಗಾಂಧಿ ಬಜಾರಿನ ಪಟ್ಟಿ

ಈಗ ಒಂದೊಂದಾಗಿ ನೋಡೋಣ. ಆಟೋಕ್ಲೇವ್ ಎಂಬುದು ಬಾಟಲಿ, ಮಾಧ್ಯಮಗಳನ್ನು ಕ್ರಿಮಿಶುದ್ಧ ಮಾಡುವ ಯಂತ್ರ. ಸಾಮಾನ್ಯ ಗಾಳಿಯ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಆ ಶಾಖಕ್ಕೆ ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಸಾಯುವುದಿಲ್ಲ. ಒತ್ತಡವನ್ನು ಚದರ ಅಂಗುಲಕ್ಕೆ 15 ಪೌಂಡಿನಷ್ಟು ಹೆಚ್ಚಿಸಿದರೆ ಹಬೆಯ ಶಾಖ 121 ಡಿಗ್ರಿಗೆ ಏರುತ್ತದೆ. ಆ ಶಾಖದಲ್ಲಿ 15-20 ನಿಮಿಷ ಇದ್ದರೆ ಅವೂ ಸಾಯುತ್ತವೆ. ಮನೆಯ ಪ್ರೆಷರ್ ಕುಕ್ಕರಿನ ತೂಕ ಹಿಡಿದಿಡುವುದು ಹೆಚ್ಚುಕಡಿಮೆ ಇಷ್ಟೇ ಒತ್ತಡವನ್ನು. ಅನ್ನ ಮಾಡುವಾಗ ಕೂಗು ಎಣಿಸುವುದು ವಾಡಿಕೆ; ಇಲ್ಲಿ ಮೊದಲ ಕೂಗಿನ ಮೇಲೆ ಉರಿ ತಗ್ಗಿಸಿ ಗಡಿಯಾರ ನೋಡಬೇಕು. ಬಾಟಲಿಯ ಮುಚ್ಚಳ ಸಡಿಲವಾಗಿರಬೇಕು. ಒತ್ತಡ ತಾನಾಗಿ ಇಳಿಯುವವರೆಗೆ ಕುಕ್ಕರನ್ನು ಮುಟ್ಟಬಾರದು.

ಸಂಸ್ಕರಿಸಿದ ಗಾಳಿ ಬೀಸುವ ಲ್ಯಾಮಿನಾರ್ ಫ್ಲೋ ಪೀಠದ ಬದಲಿಗೆ ನಿಶ್ಚಲ ಗಾಳಿಯ ಪೆಟ್ಟಿಗೆ ಮಾಡಿಕೊಳ್ಳಬಹುದು. ಬೂಷ್ಟಿನ ಬೀಜಕಗಳು ಗಾಳಿಯ ಅಲೆಯಲ್ಲಿ ತೇಲುತ್ತವೆ. ಗಾಳಿ ಅಲುಗದಿದ್ದರೆ ಕೆಳಗೆ ಕೂರುತ್ತವೆ. ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಗೆ ಕೈ ತೂರಿಸಲು ಎರಡು ರಂಧ್ರ ಮಾಡಿ, ಒಳಗೆ ಬ್ಲೀಚ್ ದ್ರಾವಣದಿಂದ ಒರೆಸಿ, ಫ್ಯಾನ್ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಕೆಲಸಕ್ಕೆ ಕೂರಬೇಕು. ಮುಚ್ಚಿದ ಪೆಟ್ಟಿಗೆಯೊಳಗೆ ಸ್ಪಿರಿಟ್ ಸಿಂಪಡಿಸಿ ದೀಪ ಹಚ್ಚುವುದು ಮಾತ್ರ ಕೂಡದು. ಸ್ಪಿರಿಟ್ಟಿನ ಆವಿಗೆ ಥಟ್ಟನೆ ಬೆಂಕಿ ಹಿಡಿಯುತ್ತದೆ. ಚಿಮಟ, ಬ್ಲೇಡುಗಳನ್ನು ಕಾಗದದಲ್ಲಿ ಸುತ್ತಿ ಕುಕ್ಕರಿನಲ್ಲೇ ಶುದ್ಧ ಮಾಡಿಟ್ಟುಕೊಂಡರೆ ದೀಪದ ಅಗತ್ಯವೇ ಬೀಳುವುದಿಲ್ಲ.

ಗಾಜಿನ ಫ್ಲಾಸ್ಕಿನ ಬದಲು ಖಾಲಿ ಜಾಮ್ ಬಾಟಲಿ ಸಾಕು. ಶುದ್ಧ ಸುಕ್ರೋಸ್ ಬದಲು ಅಂಗಡಿಯ ಬಿಳಿ ಸಕ್ಕರೆ, ಲೀಟರಿಗೆ 30 ಗ್ರಾಂ. ಅಗರಿನ ಬದಲು ಔಷಧಿ ಅಂಗಡಿಯಲ್ಲಿ ಸಿಗುವ ಇಸಬಗೋಲು ಹೊಟ್ಟು ಬಳಸಬಹುದೆಂದು ದೆಹಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು 1998ರಲ್ಲಿ ತೋರಿಸಿದ್ದಾರೆ. ಅದು ಬೇಗ ಗಟ್ಟಿಯಾಗುವುದರಿಂದ ಬಿಸಿಯಿರುವಾಗಲೇ ಸುರಿಯಬೇಕು. ಸಬ್ಬಕ್ಕಿಯ ಗಂಜಿಯನ್ನೂ ಬಳಸಿದವರಿದ್ದಾರೆ. ಆದರೆ ಅದು ಮಸುಕಾಗಿರುವುದರಿಂದ ಬೇರು ಬಿಟ್ಟಿದೆಯೇ, ಬೂಷ್ಟು ಹಿಡಿದಿದೆಯೇ ಎಂದು ಹೊರಗಿನಿಂದ ಕಾಣುವುದು ಕಷ್ಟ. ಬೆಳಕಿಗೆ ಎಲ್ಇಡಿ ದೀಪ, ದಿನಕ್ಕೆ 16 ಗಂಟೆ. ಶಾಖ 25 ಡಿಗ್ರಿಯ ಆಸುಪಾಸು ಇದ್ದರೆ ಒಳ್ಳೆಯದು. ಚಳಿಗಾಲದ ಮಲೆನಾಡಿನಲ್ಲಿ ಇದಕ್ಕೆ ಹವಾನಿಯಂತ್ರಣ ಬೇಕಾಗುವುದಿಲ್ಲ.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಿದರೆ ಈ ಪಟ್ಟಿಯ ಬಹುಪಾಲು ಮುಗಿಯುತ್ತದೆ. ಬಾಟಲಿ ಜೋಡಿಸುವ ಕಪಾಟಿಗೆ ಭದ್ರಾವತಿಯಂಥ ಊರಿಗಿಂತ ಒಳ್ಳೆಯ ಜಾಗ ಯಾವುದು? 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಂದಿನಿಂದ ಲೋಹ ಬಗ್ಗಿಸಿ, ಬೆಸೆದು ಪಳಗಿದ ಊರು ಅದು. ಚಿಗುರು ಉದ್ದವಾದಂತೆ ದೀಪವನ್ನು ಮೇಲಕ್ಕೆ ಎತ್ತಲು ಬರುವ, ಬಾಟಲಿಯ ಗಾತ್ರಕ್ಕೆ ತಕ್ಕಂತೆ ಅಂತಸ್ತು ಬದಲಿಸಲು ಬರುವ ಕಪಾಟನ್ನು ವೆಲ್ಡಿಂಗ್ ಕೆಲಸದವರಿಗೆ ಚಿತ್ರ ಬರೆದು ತೋರಿಸಿದರೆ ಮಾಡಿಕೊಡುತ್ತಾರೆ. ಮಾರುಕಟ್ಟೆಯ ಯಂತ್ರ ಬಂದ ಹಾಗೆ ಬಳಸಬೇಕಾದದ್ದು. ತಾವೇ ಮಾಡಿಸಿದ್ದನ್ನು ಬೇಕಾದ ಹಾಗೆ ತಿದ್ದಿಕೊಳ್ಳಬಹುದು, ಕೆಟ್ಟರೆ ಊರಿನಲ್ಲೇ ರಿಪೇರಿಯೂ ಆಗುತ್ತದೆ.

ಇದು ಬರೀ ಆಸೆಯ ಮಾತಲ್ಲ. ವಿಯೆಟ್ನಾಮಿನ ದಲಾತ್ ಎಂಬ ಬೆಟ್ಟದ ಪ್ರದೇಶದಲ್ಲಿ ರೈತ ಕುಟುಂಬಗಳು ಮನೆಯಲ್ಲೇ ಅಂಗಾಂಶ ಕೃಷಿ ಮಾಡಿ ಆಲೂಗೆಡ್ಡೆ ಸಸಿ ಬೆಳೆಸಿ ಮಾರುತ್ತಿದ್ದುದು 1980ರ ದಶಕದ ಆರಂಭದಲ್ಲೇ ವಿಜ್ಞಾನ ಪತ್ರಿಕೆಗಳಲ್ಲಿ ವರದಿಯಾಗಿದೆ. ಬಡ ರಾಷ್ಟ್ರಗಳಲ್ಲಿ ಕಡಿಮೆ ಖರ್ಚಿನ ಅಂಗಾಂಶ ಕೃಷಿ ಹೇಗೆಂಬ ಬಗ್ಗೆ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2004ರಲ್ಲಿ ಒಂದು ಪುಸ್ತಕವನ್ನೇ ಹೊರತಂದಿತು.

ಎಲ್ಲಿ ಉಳಿತಾಯ ಸಲ್ಲದು?

ಉಳಿತಾಯಕ್ಕೂ ಒಂದು ಮೇರೆ ಇದೆ. ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ರೂಪಿಸಿದ ಮಾಧ್ಯಮವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ಕೆಲವು ಲವಣಗಳು ಲೀಟರಿಗೆ ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ ಇರುತ್ತವೆ. ಇದನ್ನು ತೂಗಲು ಅಂಗಡಿಯ ತಕ್ಕಡಿ ನಡೆಯದು. ಒಂದು ಲೀಟರಿಗೆಂದೇ ಮಿಶ್ರಣ ಮಾಡಿದ ಪೊಟ್ಟಣವನ್ನು ಕೊಳ್ಳುವುದೇ ಸರಿ. 25 ಮಿಲಿಲೀಟರಿನಂತೆ ಹಾಕಿದರೆ ಒಂದು ಪೊಟ್ಟಣದಿಂದ 40 ಬಾಟಲಿ ಆಗುತ್ತದೆ. ಹಾರ್ಮೋನುಗಳನ್ನೂ ಹೀಗೆಯೇ ಖಚಿತ ಪ್ರಮಾಣದಲ್ಲಿ ಪಡೆಯಬೇಕು.

ಎರಡನೆಯ ಮೇರೆ ಶುಚಿತ್ವ. ಇದಕ್ಕೊಂದು ಲೆಕ್ಕ ಮಾಡಿ ನೋಡಿ. ಬಾಳೆಯ ಒಂದು ಸುಳಿಯಿಂದ ನಾಲ್ಕು ವಾರಕ್ಕೊಮ್ಮೆ ಒಂದಕ್ಕೆ ಮೂರರಂತೆ ಚಿಗುರು ಸಿಗುತ್ತದೆ ಎಂದಿಟ್ಟುಕೊಳ್ಳಿ. ಆರು ಸುತ್ತಿನಲ್ಲಿ 3, 9, 27, 81, 243, 729. ಪ್ರತಿ ಸುತ್ತಿನಲ್ಲೂ ಹತ್ತರಲ್ಲಿ ಒಂದು ಬಾಟಲಿಗೆ ಬೂಷ್ಟು ಹಿಡಿದರೆ 729ರ ಜಾಗದಲ್ಲಿ ಉಳಿಯುವುದು ಸುಮಾರು 387. ಹತ್ತರಲ್ಲಿ ಮೂರು ಕೆಟ್ಟರೆ ಬರೀ 86! ಜುಲೈ ತಿಂಗಳ ಮಳೆಯಲ್ಲಿ ಮಲೆನಾಡಿನ ಮನೆಗಳಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಕಡಿಮೆ ಬೆಲೆಯ ಸಲಕರಣೆ ಇರುವವರು ದೊಡ್ಡ ಯಂತ್ರ ಇರುವವರಿಗಿಂತ ಹೆಚ್ಚು ಎಚ್ಚರದಿಂದಿರಬೇಕು. ಹಣದಲ್ಲಿ ಉಳಿಸಿದ್ದನ್ನು ಶ್ರಮದಲ್ಲಿ ಕೊಡಬೇಕಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡ ಮಾತು. ಬಂಚಿ ಟಾಪ್ ಎಂಬ ನಂಜು ರೋಗ ತಗಲಿದ ಬಾಳೆಯಲ್ಲಿ ಎಲೆಗಳು ಕಿರಿದಾಗಿ ತುದಿಯಲ್ಲಿ ಗೊಂಚಲಾಗಿ ನಿಲ್ಲುತ್ತವೆ, ಗೊನೆ ಬರುವುದಿಲ್ಲ. ಈ ರೋಗದ ವೈರಸ್ಸು ಕುಕ್ಕರಿನ ಶಾಖಕ್ಕಾಗಲಿ ಬ್ಲೀಚಿಗಾಗಲಿ ಸಿಗುವುದಿಲ್ಲ. ಅದು ಇರುವುದು ಗಿಡದ ಕೋಶದೊಳಗೆ. ರೋಗವಿರುವ ತಾಯಿ ಗಿಡದ ಸುಳಿ ತಂದರೆ ಬಾಟಲಿ ಎಷ್ಟೇ ಶುಭ್ರವಾಗಿ ಕಂಡರೂ ಹುಟ್ಟುವ ನೂರಾರು ಸಸಿಗಳಲ್ಲಿ ವೈರಸ್ಸೂ ಹುಟ್ಟಬಹುದು. ಅಂಥ ಸಸಿ ಕೊಂಡು ನೆಟ್ಟ ರೈತನ ಒಂದು ವರ್ಷದ ದುಡಿಮೆಯೇ ಹೋಗುತ್ತದೆ. ಅದಲ್ಲದೆ ಗಿಡಹೇನುಗಳು ರೋಗವನ್ನು ಪಕ್ಕದ ತೋಟಕ್ಕೂ ಒಯ್ಯುತ್ತವೆ. ಅತಿಯಾಗಿ ಮರುಮರು ಹೆಚ್ಚಿಸುತ್ತ ಹೋದರೆ ಗಿಡದ ಗುಣವೂ ಕೆಡುತ್ತದೆ. ಈ ಕಾರಣಕ್ಕೆ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಅಂಗಾಂಶ ಕೃಷಿ ಸಸಿಗಳಿಗೆ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆಯನ್ನು 2006ರಲ್ಲಿ ತಂದಿತು. ಸಸಿಗಳನ್ನು ವೈರಸ್ ಪರೀಕ್ಷೆ ಮಾಡಿಸುವುದು ಇದರ ಮುಖ್ಯ ಭಾಗ. ಜಾಮ್ ಬಾಟಲಿಯ ಪ್ರಯೋಗಾಲಯ ಕಲಿಕೆಗೆ ಇರುವಂಥದು. ಅಲ್ಲಿ ಬೆಳೆದ ಸಸಿಯನ್ನು ಪರೀಕ್ಷೆಯಿಲ್ಲದೆ ಯಾರ ತೋಟಕ್ಕೂ ಮಾರಬಾರದು.

ಪ್ರಾಣಿಗಳ ಮತ್ತು ಮನುಷ್ಯರ ಕೋಶಗಳನ್ನು ಬೆಳೆಸುವುದು ಇನ್ನೂ ಕಠಿಣ. 37 ಡಿಗ್ರಿ ಶಾಖ, ಶೇಕಡಾ 5ರಷ್ಟು ಇಂಗಾಲದ ಡೈ ಆಕ್ಸೈಡ್, ದುಬಾರಿ ಸೀರಮ್ ಬೇಕು. ರೋಗಾಣು ಸೋಂಕಿನ ಅಪಾಯವೂ ಇದೆ. ಅದು ತಜ್ಞರ ಪ್ರಯೋಗಾಲಯಕ್ಕೇ ಬಿಡಬೇಕಾದ ಕೆಲಸ.

ಎಲ್ಲಿಂದ ಆರಂಭಿಸಬೇಕು?

ಮೊದಲ ದಿನವೇ ಬಾಳೆಗೆ ಕೈ ಹಾಕಬಾರದು. ಅದರ ಕೊಯ್ದ ಭಾಗ ಕಪ್ಪಾಗುತ್ತದೆ, ಒಳಗೆ ಬ್ಯಾಕ್ಟೀರಿಯಾ ಅಡಗಿರುತ್ತದೆ. ಅಡಿಕೆಯಂತೂ ತಿಂಗಳುಗಟ್ಟಲೆ ಕಾಯಿಸುತ್ತದೆ. ಅದು ಕಾಸರಗೋಡಿನಂಥ ಸಂಸ್ಥೆಗಳ ಕೆಲಸ. ಅಧ್ಯಾಪಕರ ಮಾರ್ಗದರ್ಶನದಲ್ಲಿ, ಮಳೆಗಾಲ ಕಳೆದ ಮೇಲೆ, ಮೊದಲು ಬರೀ ಮಾಧ್ಯಮ ತುಂಬಿದ ಹತ್ತು ಬಾಟಲಿಗಳನ್ನು ಕ್ರಿಮಿಶುದ್ಧ ಮಾಡಿ ಒಂದು ವಾರ ಇಟ್ಟು ನೋಡಬೇಕು. ಎಲ್ಲವೂ ತಿಳಿಯಾಗಿ ಉಳಿದರೆ ಕುಕ್ಕರಿನ ಕೆಲಸ ಸರಿಯಾಗಿದೆ ಎಂದರ್ಥ. ಎರಡನೆಯ ಹಂತದಲ್ಲಿ ಬ್ಲೀಚಿನಲ್ಲಿ ತೊಳೆದ ಹುರುಳಿ ಕಾಳನ್ನು ಪೆಟ್ಟಿಗೆಯೊಳಗೆ ಬಾಟಲಿಗೆ ಹಾಕಿ ಮೊಳೆಯಿಸಬೇಕು. ಕೈಯ ಶುಚಿಗೆ ಇದೇ ಪರೀಕ್ಷೆ. ಮೂರನೆಯ ಹಂತದಲ್ಲಿ ಹಿತ್ತಿಲಿನ ಒಂದೆಲಗದ ಗೆಣ್ಣನ್ನೋ ಆಲೂಗೆಡ್ಡೆಯ ಮೊಳಕೆಯನ್ನೋ ಬೆಳೆಸಬಹುದು. ಬೂಷ್ಟು ಹಿಡಿದ ಬಾಟಲಿಯನ್ನು ತೆರೆಯದೆ ಹಾಗೆಯೇ ಕುಕ್ಕರಿನಲ್ಲಿ ಮತ್ತೊಮ್ಮೆ ಬೇಯಿಸಿ ನಂತರ ಚೆಲ್ಲಬೇಕು. ಈ ಕುಕ್ಕರನ್ನು ಮತ್ತೆ ಅಡುಗೆಗೆ ಬಳಸಕೂಡದು.

ಸಸಿ ಬೇರು ಬಿಟ್ಟ ಮೇಲೆ ನೇರ ಬಿಸಿಲಿಗೆ ತಂದರೆ ಬಾಡುತ್ತದೆ. ಬಾಟಲಿಯ ತೇವದಲ್ಲಿ ಬೆಳೆದ ಎಲೆಗೆ ನೀರು ಆರದಂತೆ ತಡೆಯುವ ಮೇಣದ ಪದರ ಸರಿಯಾಗಿ ಬಂದಿರುವುದಿಲ್ಲ. ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟು, ಪ್ಲಾಸ್ಟಿಕ್ ಹೊದಿಸಿ, ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೊರಗಿನ ಗಾಳಿಗೆ ಒಗ್ಗಿಸಬೇಕು. ಬಾಟಲಿಗೆ ಶತ್ರುವಾಗಿದ್ದ ಮಲೆನಾಡಿನ ತೇವ ಈ ಹಂತದಲ್ಲಿ ಮಿತ್ರನಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಸಲಕರಣೆ ಒಂದು ನೋಟ್‌ಬುಕ್ಕು. 20 ಬಾಟಲಿಗೆ ಅಗರ್, 20 ಬಾಟಲಿಗೆ ಇಸಬಗೋಲು ಹಾಕಿ, ಉಳಿದದ್ದೆಲ್ಲ ಒಂದೇ ರೀತಿ ಇಟ್ಟು, ಎಷ್ಟು ಚಿಗುರಿತು, ಎಷ್ಟು ಕೆಟ್ಟಿತು ಎಂದು ದಿನಾಂಕ ಹಾಕಿ ಬರೆದಿಟ್ಟ ವಿದ್ಯಾರ್ಥಿ ನಿಜವಾದ ವಿಜ್ಞಾನ ಮಾಡಿದ್ದಾನೆ. ಕೆಟ್ಟ ಬಾಟಲಿಗಳ ಸಂಖ್ಯೆಯನ್ನು ಮುಚ್ಚಿಡದೆ ಬರೆಯುವುದು ಇದರಲ್ಲಿ ಬಹಳ ಮುಖ್ಯ. ಮುಂದಿನ ಬ್ಯಾಚಿನವರು ಅಲ್ಲಿಂದ ಮುಂದುವರಿಯುತ್ತಾರೆ.

ಮಕ್ಕಳನ್ನು ಜೀವವಿಜ್ಞಾನ ಅಥವಾ ಬಯೋಟೆಕ್ನಾಲಜಿಗೆ ಸೇರಿಸುವ ತಂದೆತಾಯಿಗಳು ಕಾಲೇಜಿಗೆ ಹೋದಾಗ ಪ್ರಯೋಗಾಲಯದ ಯಂತ್ರಗಳನ್ನು ನೋಡಿ ಸಂತೋಷಪಡುತ್ತಾರೆ. ತಪ್ಪೇನಿಲ್ಲ. ಆದರೆ ಬಟ್ಟೆ ಹೊದಿಸಿ ಬೀಗ ಹಾಕಿದ ಯಂತ್ರ ಯಾರಿಗೂ ಏನನ್ನೂ ಕಲಿಸುವುದಿಲ್ಲ. ವರ್ಷಕ್ಕೆ ಎಷ್ಟು ಬಾಟಲಿಗಳನ್ನು ಮಕ್ಕಳು ತಾವೇ ತುಂಬಿ, ತಾವೇ ನೋಡಿಕೊಳ್ಳುತ್ತಾರೆ ಎಂದು ಕೇಳಿ. ಅವರು ಬರೆದ ನೋಟ್‌ಬುಕ್ಕು ಇದ್ದರೆ ತೋರಿಸಲು ಹೇಳಿ. ಇಲ್ಲವಾದರೆ ಒಂದು ಹಳೆಯ ಕುಕ್ಕರ್, ಒಂದು ಡಜನ್ ಖಾಲಿ ಬಾಟಲಿಗಳನ್ನು ನೀವೇ ಕಾಲೇಜಿಗೆ ಕೊಟ್ಟು ಆರಂಭಿಸಲು ಕೇಳಿಕೊಳ್ಳಬಹುದು.